ತಿಂಗಳಿಗೆ 500 ರೂಪಾಯಿ ದೇಣಿಗೆ: 14 ಕಂತುಗಳ ಅನುಭವ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬ್ಯಾಂಕಿನ ಬಾಗಿಲ ಬಳಿ ನಿಂತಿದ್ದ ಯುವಕನೊಬ್ಬನ ಮಾತಿಗೆ ಒಪ್ಪಿ, ಮಲೆನಾಡಿನ ಬಡ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ನಡೆಸುವ ದತ್ತಿ ಸಂಸ್ಥೆಯೊಂದಕ್ಕೆ 2023ರ ನವೆಂಬರಿನಿಂದ ತಿಂಗಳಿಗೆ 500 ರೂಪಾಯಿ ಕೊಡತೊಡಗಿದೆ. 14 ಕಂತು ಕಟ್ಟಿದ ಮೇಲೆ ಅವರ ದೇಣಿಗೆ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ನನ್ನ ದೂರುಗಳಲ್ಲಿ ಕೆಲವನ್ನು ಅವರು ಈಗಾಗಲೇ ಸರಿಪಡಿಸಿರುವುದರಿಂದ ಸಂಸ್ಥೆಯ ಹೆಸರು ಹೇಳುವುದಿಲ್ಲ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ತೂಕದ ಚೀಟಿ ಇಲ್ಲದ ಮೂಟೆಗೆ ಪಟ್ಟಿ ಬರೆದು ಅಭ್ಯಾಸವಿಲ್ಲ. ಈ ವಿಮರ್ಶೆಯಲ್ಲೂ ಆ ದೃಷ್ಟಿಯೇ ಇದೆ.

ಮೊದಲು ಆ ಯುವಕನ ವಿಷಯ. ಅವನು ಟ್ಯಾಬ್ ತೆರೆದು ಅಳುತ್ತಿರುವ ಹುಡುಗಿಯೊಬ್ಬಳ ಚಿತ್ರ ತೋರಿಸಿ, ಅವಳ ಹೆಸರು, ಊರು, ತಂದೆ ತೀರಿಕೊಂಡ ಬಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆಶ್ರಯದಲ್ಲಿರುವ ಮಗುವಿನ ಗುರುತು ಪತ್ತೆಯಾಗುವಂತೆ ಹೆಸರು, ವಿಳಾಸ, ಭಾವಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಆ ಹುಡುಗಿ ನಾಳೆ ಇದೇ ಪೇಟೆಯ ಕಾಲೇಜಿಗೆ ಬರುವವಳು. ‘ನೀನು ಸಂಸ್ಥೆಯವನೇ?’ ಎಂದು ಕೇಳಿದ್ದಕ್ಕೆ, ತಾನು ಏಜೆನ್ಸಿಯವನೆಂದೂ ದಿನಕ್ಕೆ ಇಷ್ಟು ಜನರನ್ನು ಸೇರಿಸಬೇಕೆಂಬ ಗುರಿ ಇದೆಯೆಂದೂ ಒಪ್ಪಿಕೊಂಡ. ಬಿಸಿಲಲ್ಲಿ ನಿಂತ ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಆದರೆ ದಾನಿಯನ್ನು ತಲೆ ಎಣಿಸಿ ತರಿಸಿಕೊಳ್ಳುವ ಏರ್ಪಾಡಿನಲ್ಲಿ ಮಾತು ಎಲ್ಲೋ ಒಂದು ಕಡೆ ಉಬ್ಬಿಯೇ ಉಬ್ಬುತ್ತದೆ.

ಉಬ್ಬಿದ್ದು ತೆರಿಗೆಯ ವಿಷಯದಲ್ಲಿ. ‘80ಜಿ ಇದೆ ಸರ್, ಅರ್ಧ ದುಡ್ಡು ವಾಪಸ್ ಬರುತ್ತೆ’ ಎಂದಿದ್ದ. 80ಜಿ ಎಂದರೆ ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ ದೇಣಿಗೆಗೆ ರಿಯಾಯಿತಿ ಕೊಡುವ ಕಲಮು. ವಾಸ್ತವದಲ್ಲಿ ಇಂಥ ಸಂಸ್ಥೆಗೆ ಕೊಟ್ಟ ಹಣದ ಶೇಕಡಾ 50ರಷ್ಟನ್ನು, ನಿಗದಿತ ಮಿತಿಯೊಳಗೆ, ಆದಾಯದಿಂದ ಕಳೆಯಬಹುದೇ ಹೊರತು ತೆರಿಗೆಯಿಂದಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇಕಡಾ 20ರ ಹಂತದಲ್ಲಿರುವವನಿಗೆ 500 ರೂಪಾಯಿಗೆ ಉಳಿಯುವುದು, ಸೆಸ್ ಬಿಟ್ಟರೆ, 50 ರೂಪಾಯಿ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದೂ ಇಲ್ಲ.

ಕಚೇರಿಯಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ತೀರ್ಥಹಳ್ಳಿ ಕಡೆಯ ನಮ್ಮ ಮಾವನವರು ಒಮ್ಮೆ ನನ್ನೊಂದಿಗೆ ಬಂದು 3000 ರೂಪಾಯಿ ನಗದು ಮೇಜಿನ ಮೇಲಿಟ್ಟರು. ಲೆಕ್ಕ ನೋಡುವ ಹೆಣ್ಣುಮಗಳು ಹಣ ಮುಟ್ಟುವ ಮೊದಲೇ, ‘ಯಜಮಾನರೇ, ನಗದು 2000 ದಾಟಿದರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಚೆಕ್ ಕೊಡುತ್ತೀರಾ?’ ಎಂದು ಕೇಳಿದರು. ‘ತೋಟದ ಆದಾಯಕ್ಕೆ ತೆರಿಗೆಯೇ ಇಲ್ಲ ತಂಗಿ, ನನಗೆಲ್ಲಿಯ ರಿಯಾಯಿತಿ’ ಎಂದು ಮಾವ ನಕ್ಕರು. ಆದರೂ ಹೆಸರು, ವಿಳಾಸ ಬರೆಸಿಕೊಂಡೇ ರಸೀದಿ ಹರಿದರು. ಮಾವ ತಂದಿದ್ದ ಕಂಬಳಿಗಳಿಗೂ ಬೇರೆ ಚೀಟಿ ಕೊಟ್ಟು, ವಸ್ತುರೂಪದ ದಾನಕ್ಕೆ 80ಜಿ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಬರೆದರು. ಕೇಳದೆಯೇ ಹೇಳಿದ ಈ ಎರಡು ಮಾತುಗಳಿಗಾಗಿ ನಾನು ಈ ಸಂಸ್ಥೆಯನ್ನು ಬಿಡಲಿಲ್ಲ.

ಪ್ರಮಾಣಪತ್ರದಲ್ಲಿ ತಪ್ಪಾಯಿತು. ಆಗಿನ ನಿಯಮದಂತೆ ಸಂಸ್ಥೆಗಳು ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕಿತ್ತು. ಮಾರ್ಚ್‌ವರೆಗೆ ನಾನು ಕಟ್ಟಿದ್ದು 2500, ಪತ್ರದಲ್ಲಿದ್ದುದು 2000. ದೂರು ಕೊಟ್ಟ ಮೇಲೆ ತಿದ್ದುಪಡಿ ವಿವರ ಸಲ್ಲಿಸಿ ಹೊಸ ಪತ್ರ ಕಳುಹಿಸಿದರಾದರೂ, ಮೂರು ಬಾರಿ ಫೋನ್ ಮಾಡಬೇಕಾಯಿತು.

ತಿಂಗಳ ಕಂತು ತಾನಾಗಿಯೇ ಕಡಿತವಾಗುವ ಯುಪಿಐ ಆಟೋಪೇ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಹಣ ಕಡಿತವಾಗುವ ಮುನ್ನಾದಿನ ಸಂದೇಶ ಬರುತ್ತದೆ, ಬೇಡವೆಂದರೆ ನಮ್ಮ ಮೊಬೈಲಿನಲ್ಲೇ ರದ್ದು ಮಾಡಬಹುದು.

ವಾರ್ಷಿಕ ವರದಿಯ ಬಗ್ಗೆ ನನ್ನ ತಕರಾರು ಇನ್ನೂ ಉಳಿದಿದೆ. ಅಕ್ಕಿ, ಬೇಳೆ, ಮೇಲ್ವಿಚಾರಕರ ಸಂಬಳ ಎಲ್ಲವೂ ಪೈಸೆಯವರೆಗೆ ಇವೆ. ಏಜೆನ್ಸಿಗೆ ಕೊಟ್ಟ ಹಣ ಮಾತ್ರ ‘ಇತರೆ ವೆಚ್ಚ’ದಲ್ಲಿ ಅಡಗಿದೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚ ಶೇಕಡಾ 20 ಮೀರಬಾರದೆಂದು 2020ರ ತಿದ್ದುಪಡಿಯಿಂದ ಕಾನೂನಿದೆ. ಊರಿನವರು ಕೊಟ್ಟ ಹಣಕ್ಕೆ ಆ ಮಿತಿಯಿಲ್ಲ. ಆದ್ದರಿಂದಲೇ ಹಣ ಎತ್ತಲು ತಗಲಿದ ಖರ್ಚನ್ನು ಅವರಾಗಿಯೇ ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕಿತ್ತು. ಖರ್ಚು ಮಾಡಿದ್ದನ್ನು ನಾನು ಆಕ್ಷೇಪಿಸುತ್ತಿಲ್ಲ, ಮಂಡಿಯಲ್ಲೂ ಹಮಾಲಿ, ದಲಾಲಿ ಇರುತ್ತವೆ. ಆದರೆ ಅವು ಪಟ್ಟಿಯಲ್ಲಿ ಕಾಣುತ್ತವೆ. ಇದನ್ನು ಪತ್ರದಲ್ಲಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಮಕ್ಕಳ ಮುಖದ ಚಿತ್ರಗಳ ಬಗ್ಗೆ ಬರೆದದ್ದಕ್ಕೆ ಮಾತ್ರ ಫಲ ಸಿಕ್ಕಿದೆ: ಹೊಸ ಕರಪತ್ರದಲ್ಲಿ ಜಗಲಿಯ ಮೇಲೆ ಒಣಗಲು ಹಾಕಿದ ಛತ್ರಿಗಳ ಸಾಲು ಇದೆ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆಟೋಪೇ ರದ್ದು ಮಾಡಿ, ಈಗ ಮೂರು ತಿಂಗಳಿಗೊಮ್ಮೆ ಕಚೇರಿಗೇ ಹೋಗಿ ಚೆಕ್ ಕೊಟ್ಟು ಬರುತ್ತೇನೆ. ಕಚೇರಿ ಮೊದಲ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು, ಮಳೆಗಾಲದಲ್ಲಿ ಜಾರುತ್ತದೆ. ವಯಸ್ಸಾದವರು ಕೆಳಗಿನಿಂದಲೇ ಫೋನ್ ಮಾಡಿದರೆ ರಸೀದಿ ಪುಸ್ತಕ ಹಿಡಿದು ಯಾರಾದರೂ ಇಳಿದು ಬರುತ್ತಾರೆ.