ಒಂದೇ ಪರದೆಯಲ್ಲಿ ಮೂರು ಕಿಟಕಿ: ಶಾಟ್‌ಕಟ್ ಜೊತೆ ಐದು ಮಳೆಗಾಲ

ಯಕ್ಷಗಾನದ ಮದ್ದಳೆ ಕಲಿಯುವವನಿಗೆ ಎರಡು ಕಣ್ಣು ಸಾಲುವುದಿಲ್ಲ. ಗುರುಗಳ ಬಲಗೈ ನೋಡುತ್ತ ಕುಳಿತರೆ ಎಡಗೈ ತಪ್ಪುತ್ತದೆ. ಎರಡೂ ಕೈ ಹಿಡಿತಕ್ಕೆ ಸಿಕ್ಕಿತು ಎನ್ನುವಷ್ಟರಲ್ಲಿ ಪದ್ಯ ಹಾಡುವ ಭಾಗವತರ ತಾಳ ಮುಂದೆ ಹೋಗಿರುತ್ತದೆ. 2020ರ ಮಳೆಗಾಲದಲ್ಲಿ ಎಲ್ಲರೂ ಮನೆ ಹಿಡಿದು ಕುಳಿತಿದ್ದಾಗ, ನಮ್ಮ ಹಿಮ್ಮೇಳ ತರಗತಿಯ ಪಾಠಗಳನ್ನು ವಿಡಿಯೊ ಮಾಡಿ ಶಿಷ್ಯರಿಗೆ ಕಳುಹಿಸುವ ಕೆಲಸ ನನ್ನ ತಲೆಗೆ ಬಿತ್ತು. ಎರಡು ಕೈ, ಒಂದು ತಾಳ, ಮೂರೂ ಒಟ್ಟಿಗೆ ಕಾಣಬೇಕು. ಅದಕ್ಕಾಗಿ ಹಾಕಿಕೊಂಡದ್ದು ವಿಡಿಯೊ ಸಂಕಲನದ ತಂತ್ರಾಂಶವಾದ ಶಾಟ್‌ಕಟ್. ಈಗಲೂ ಅದೇ ಇದೆ.

ಅದಕ್ಕೂ ಮೊದಲು ಒಂದು ಮೊಬೈಲ್ ಆ್ಯಪ್‌ನಲ್ಲಿ ಪ್ರಯತ್ನಿಸಿದ್ದೆ. ನಾಲ್ಕು ಚೌಕದ ಅಚ್ಚು ಅದರಲ್ಲಿ ಸಿದ್ಧವಾಗಿಯೇ ಇತ್ತು, ಕ್ಲಿಪ್‌ಗಳನ್ನು ಒಂದೊಂದಾಗಿ ಹಾಕಿದರೆ ಮುಗಿಯಿತು. ಆದರೆ ಒಂದು ಕ್ಲಿಪ್ಪನ್ನು ಕೂದಲೆಳೆಯಷ್ಟು ಹಿಂದೆ ಸರಿಸಲು ದಾರಿಯೇ ಇರಲಿಲ್ಲ. ಹುಟ್ಟುಹಬ್ಬದ ಫೋಟೊ ಜೋಡಿಸುವವರಿಗೆ ಅದು ಸಾಕು. ತಾಳಕ್ಕೆ ಸಾಲದು.

ಶಾಟ್‌ಕಟ್ ಉಚಿತ, ಮುಕ್ತ ಆಕರದ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಿಡಿಯೊದ ಮೂಲೆಯಲ್ಲಿ ತನ್ನ ಮುದ್ರೆ ಒತ್ತುವುದಿಲ್ಲ. ಇಂಥದೇ ಇನ್ನೊಂದು ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದಕ್ಕಿಂತ ಬಲಶಾಲಿ ಎಂಬುದರಲ್ಲಿ ಅನುಮಾನವಿಲ್ಲ. ಅದಕ್ಕೆ ತಕ್ಕ ಗ್ರಾಫಿಕ್ಸ್ ಬಲವೂ ಬೇಕು, ನನ್ನದು 8 ಜಿಬಿಯ ಹಳೆಯ ಲ್ಯಾಪ್‌ಟಾಪ್.

ಕೆಲಸ ನಡೆಯುವ ಬಗೆ ಸರಳವಾಗಿದೆ. ಟೈಮ್‌ಲೈನ್‌ನಲ್ಲಿ ಮೂರು ವಿಡಿಯೊ ಟ್ರ್ಯಾಕ್, ಅಂದರೆ ಒಂದರ ಮೇಲೊಂದು ಸಾಲು, ಮಾಡಿಕೊಂಡು ಒಂದೊಂದರಲ್ಲಿ ಒಂದೊಂದು ಕ್ಲಿಪ್ ಇಡುತ್ತೇನೆ. ಮೇಲಿನ ಟ್ರ್ಯಾಕ್ ಕೆಳಗಿನದನ್ನು ಮುಚ್ಚಿಬಿಡುತ್ತದೆ. ಮೊದಲ ದಿನ ಎಲ್ಲವನ್ನೂ ಹಾಕಿ ಒಂದೇ ಕಂಡಾಗ ಉಳಿದವು ಎಲ್ಲಿ ಹೋದವೆಂದು ಅರ್ಧ ಗಂಟೆ ಹುಡುಕಿದ್ದೇನೆ. ಗಾತ್ರ, ಸ್ಥಾನ, ತಿರುವು ಮೂರನ್ನೂ ನೋಡಿಕೊಳ್ಳುವ ಫಿಲ್ಟರ್ ಒಂದಿದೆ. ಅದನ್ನು ಪ್ರತಿ ಕ್ಲಿಪ್‌ಗೂ ಹಚ್ಚಿ ಚಿತ್ರವನ್ನು ಕುಗ್ಗಿಸಿ ಬೇಕಾದಲ್ಲಿ ಕೂರಿಸಬೇಕು. ಮೌಸ್‌ನಿಂದ ಎಳೆಯಬಹುದು, ಆದರೆ ಅಂಕಿ ಬರೆಯುವುದೇ ನೇರ. ಸಿದ್ಧ ಅಚ್ಚಿಗಾಗಿ ನಾನು ಕಾಯಲಿಲ್ಲ. ಲೆಕ್ಕ ಮಾಡಿದೆ.

ಲೆಕ್ಕ ಹೀಗಿದೆ. ಪರದೆ 1920 ಪಿಕ್ಸೆಲ್ ಅಗಲ, 1080 ಎತ್ತರ. ನಾಲ್ಕು ಪಾಲು ಮಾಡಿದರೆ ಒಂದೊಂದು 960ಕ್ಕೆ 540. ಬಲಗೈ, ಎಡಗೈ, ಭಾಗವತರು, ಚಂಡೆ ಎಂದು ನಾಲ್ಕು ಚೌಕ ಮಾಡಿ ಹೆಮ್ಮೆಯಿಂದ ಗುರುಗಳಿಗೆ ತೋರಿಸಿದೆ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಅವರು ಕೇಳಿದರು: “ತಮ್ಮಾ, ನಾಲ್ಕು ಕಿಟಕಿ ತೆಗೆದಿದ್ದೀಯೆ, ಸರಿ. ಕಿರುಬೆರಳು ಎಲ್ಲಿದೆ?” ಬೆರಳು ನಿಜವಾಗಿಯೂ ಕಾಣುತ್ತಿರಲಿಲ್ಲ. ಶಿಷ್ಯರಲ್ಲಿ ಹೆಚ್ಚಿನವರು ನೋಡುವುದು ಅಂಗೈಯಗಲದ ಪರದೆಯಲ್ಲಿ. ಅದರ ಕಾಲು ಭಾಗದಲ್ಲಿ ಕೈಯೇ ಒಂದು ಚುಕ್ಕೆ.

ಆಮೇಲೆ ಚಂಡೆಯನ್ನು ಕೈಬಿಟ್ಟೆ. ಮೂರು ಮೊಬೈಲ್‌ಗಳನ್ನೂ ನೆಟ್ಟಗೆ ನಿಲ್ಲಿಸಿ ಚಿತ್ರೀಕರಿಸಿದೆ. ನಿಂತ ಚಿತ್ರವನ್ನು 1080 ಎತ್ತರಕ್ಕೆ ತಂದರೆ ಅಗಲ ಸುಮಾರು 608 ಬರುತ್ತದೆ. ಪರದೆಯ ಮೂರನೇ ಒಂದು ಪಾಲು 640. ಹೇಳಿ ಮಾಡಿಸಿದ ಹಾಗೆ ಮೂರೂ ಸಾಲಾಗಿ ನಿಂತವು, ನಡುವೆ ತೆಳುವಾದ ಕಪ್ಪು ಪಟ್ಟಿ ತಾನಾಗಿಯೇ ಉಳಿಯಿತು. ಮೊದಲನೆಯದರ ಸ್ಥಾನ 0, ಎರಡನೆಯದರದು 640, ಮೂರನೆಯದರದು 1280. ಇವನ್ನು ಹೆಸರು ಕೊಟ್ಟು ಫಿಲ್ಟರ್‌ನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿ ಪಾಠಕ್ಕೂ ಹೊಸದಾಗಿ ಬರೆಯುವ ಕೆಲಸವಿಲ್ಲ. ಗುರುಗಳ ಹಿಂದೆ ಒಣಗಿಸಿದ ಪಂಚೆ ಕಂಡ ದಿನ ಮಾತ್ರ ಮೊದಲು ಅಂಚು ಕತ್ತರಿಸುವ ಫಿಲ್ಟರ್ ಹಾಕಿ, ಅದರ ಕೆಳಗೆ ಗಾತ್ರದ ಫಿಲ್ಟರ್ ಇಡುತ್ತೇನೆ. ಫಿಲ್ಟರ್‌ಗಳು ಮೇಲಿನಿಂದ ಕೆಳಕ್ಕೆ ಕೆಲಸ ಮಾಡುತ್ತವೆ, ಆದ್ದರಿಂದ ಈ ಕ್ರಮ ಅದಲುಬದಲಾದರೆ ಬೇಕಾದ ಜಾಗ ಬಿಟ್ಟು ಬೇರೆಲ್ಲೋ ಕತ್ತರಿ ಬೀಳುತ್ತದೆ.

ಕಿಟಕಿ ಜೋಡಿಸುವುದು ಹತ್ತು ನಿಮಿಷದ ಕೆಲಸ. ನಿಜವಾದ ಬೆವರು ಇಳಿಯುವುದು ಕಾಲ ಹೊಂದಿಸುವಲ್ಲಿ. ಮೂರು ಮೊಬೈಲ್‌ಗಳನ್ನು ಮೂರು ಜನ ಮೂರು ಗಳಿಗೆಯಲ್ಲಿ ಒತ್ತಿರುತ್ತಾರೆ. ಪಾಠ ಆರಂಭವಾಗುವ ಮುನ್ನ ಭಾಗವತರು ತಾಳವನ್ನು ಒಂದೇ ಸಲ ಗಟ್ಟಿಯಾಗಿ ತಟ್ಟುತ್ತಾರೆ. ಟೈಮ್‌ಲೈನ್‌ನಲ್ಲಿ ಧ್ವನಿಯ ಗೆರೆ ಅಲ್ಲಿ ಮುಳ್ಳಿನ ಹಾಗೆ ಏಳುತ್ತದೆ. ಆ ಗೆರೆಯನ್ನು ಹಿಗ್ಗಿಸಿಕೊಂಡು ಮೂರು ಮುಳ್ಳುಗಳನ್ನೂ ಒಂದೇ ನೇರಕ್ಕೆ ತರುತ್ತೇನೆ. ಧ್ವನಿಯನ್ನು ಹೋಲಿಸಿ ತಾನೇ ಹೊಂದಿಸುವ ಸೌಲಭ್ಯ ನಂತರದ ಆವೃತ್ತಿಗಳಲ್ಲಿ ಬಂದಿದೆ. ಅದನ್ನು ಬಳಸಿದ ಮೇಲೂ ನಾನು ಕಣ್ಣಿಂದ ಒಮ್ಮೆ ನೋಡುತ್ತೇನೆ, ಹಳೆಯ ಚಾಳಿ. ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಎಂದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್. ಹತ್ತು ಮೀಟರ್ ದೂರದ ಮೊಬೈಲಿಗೆ ಸದ್ದು ಮುಟ್ಟುವಷ್ಟರಲ್ಲೇ ಹತ್ತಿರಹತ್ತಿರ ಒಂದು ಫ್ರೇಮ್ ಕಳೆದಿರುತ್ತದೆ. ಹಾಗಾಗಿ ದೂರದ ಮೊಬೈಲಿನ ಕ್ಲಿಪ್‌ನಲ್ಲಿ ಸದ್ದಿನ ಮುಳ್ಳನ್ನು ಬಿಟ್ಟು, ಎರಡು ತಾಳ ಕೂಡಿದ ಚಿತ್ರವನ್ನೇ ನಂಬುತ್ತೇನೆ.

ಇಷ್ಟೆಲ್ಲ ಮಾಡಿಯೂ ಮೊದಲ ದೊಡ್ಡ ಪಾಠ ಕೆಟ್ಟಿತು. ಆರಂಭದಲ್ಲಿ ಸರಿಯಿದ್ದ ಎಡಗೈ ಇಪ್ಪತ್ತನೇ ನಿಮಿಷಕ್ಕೆ ತಾಳದಿಂದ ಜಾರಿಹೋಗಿತ್ತು. ಶಿಷ್ಯನೊಬ್ಬ ಅದನ್ನೇ ನೋಡಿ ಝಂಪೆ ತಾಳವನ್ನು ಜಾರಿಸಿಕೊಂಡೇ ಕಲಿತ, ಪಾಪ. ತಪ್ಪು ಯಾರದೂ ಅಲ್ಲ: ಮೊಬೈಲ್‌ಗಳು ಬೆಳಕು ಕಡಿಮೆಯಾದಾಗಲೋ ಬಿಸಿಯಾದಾಗಲೋ ಫ್ರೇಮ್‌ಗಳ ವೇಗವನ್ನು ಏರಿಳಿಸುತ್ತವೆ. ಅಂಥ ಕ್ಲಿಪ್ ತೆರೆದಾಗ ಶಾಟ್‌ಕಟ್ ತಾನೇ ಗುರುತಿಸಿ, ಸಂಕಲನಕ್ಕೆ ಒಗ್ಗುವ ರೂಪಕ್ಕೆ ಪರಿವರ್ತಿಸಲೇ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ನಾನು ಅದುವರೆಗೆ ಓದದೆ ಮುಚ್ಚುತ್ತಿದ್ದೆ. ಈಗ ತಪ್ಪದೆ ಒಪ್ಪುತ್ತೇನೆ. ಕಡತ ಹಲವು ಪಟ್ಟು ಊದಿಕೊಳ್ಳುತ್ತದೆ. ಬೇರೆ ಹಾರ್ಡ್‌ಡಿಸ್ಕ್ ಕೊಂಡದ್ದು ಇದಕ್ಕಾಗಿಯೇ.

ಇನ್ನೊಂದು ಎಡವಟ್ಟು ಪೂರ್ತಿ ನನ್ನದು. ಮೂರು ಟ್ರ್ಯಾಕ್‌ಗಳ ಧ್ವನಿಯೂ ಸೇರಿ ಕೇಳುತ್ತದೆ ಎಂಬುದನ್ನು ಮರೆತು ಒಂದು ಪಾಠ ಕಳುಹಿಸಿಬಿಟ್ಟೆ. ಮದ್ದಳೆಯ ಒಂದೊಂದು ನಂಕಾರದ ಪೆಟ್ಟೂ ಎರಡೆರಡಾಗಿ, ಗುಹೆಯಲ್ಲಿ ಬಾರಿಸಿದಂತೆ ಕೇಳಿಸಿತು. ಭಾಗವತರ ಎದುರಿನ ಮೊಬೈಲಿನ ಧ್ವನಿಯೊಂದನ್ನು ಉಳಿಸಿಕೊಂಡು ಉಳಿದ ಟ್ರ್ಯಾಕ್‌ಗಳ ಬಾಯಿ ಮುಚ್ಚಿಸಬೇಕು. ಟ್ರ್ಯಾಕ್‌ನ ತಲೆಯಲ್ಲೇ ಗುಂಡಿ ಇದೆ.

ವೇಗದ ಬಗ್ಗೆ ಹೇಳುವುದಾದರೆ, ಒಟ್ಟಿಗೆ ಮೂರು ವಿಡಿಯೊ ಓಡಿಸುವುದು ಹಳೆಯ ಯಂತ್ರಕ್ಕೆ ಮೂರು ಹೊರೆಯೇ. 2020ರ ಜೂನ್ ಆವೃತ್ತಿಯಲ್ಲಿ ಪ್ರಾಕ್ಸಿ ಬಂತು: ಸಂಕಲನದ ಹೊತ್ತಿಗೆ ಪುಟ್ಟ ನಕಲುಗಳನ್ನು ಓಡಿಸಿ, ಕೊನೆಯಲ್ಲಿ ಮೂಲ ಕಡತದಿಂದಲೇ ವಿಡಿಯೊ ತೆಗೆಯುತ್ತದೆ. ಮುನ್ನೋಟವನ್ನೂ 360ಕ್ಕೆ ಇಳಿಸಿಕೊಂಡಿದ್ದೇನೆ. ಇವೆರಡು ಇಲ್ಲದಿದ್ದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಆಗುತ್ತಿರಲಿಲ್ಲ.

ಕಳೆದ ಎರಡು ವರ್ಷಗಳಿಂದ ಮೂರು ಸಮ ಕಿಟಕಿಗಳನ್ನೂ ಪಾಠದುದ್ದಕ್ಕೂ ಇಡುವುದನ್ನು ಬಿಟ್ಟಿದ್ದೇನೆ. ಪದ್ಯ ಸಾಗುವಾಗ ಮೂರೂ ಇರುತ್ತವೆ. ಪದ್ಯದ ಕೊನೆಯಲ್ಲಿ ಬಾರಿಸುವ ಬಿಡ್ತಿಗೆ ಬರುತ್ತಿದ್ದಂತೆ ಎಡಗೈಯ ಕಿಟಕಿ ಒಂದು ಸೆಕೆಂಡಿನಲ್ಲಿ ಹಿಗ್ಗಿ ಅರ್ಧ ಪರದೆ ತುಂಬುತ್ತದೆ, ಉಳಿದೆರಡು ಬದಿಗೆ ಸರಿಯುತ್ತವೆ. ಮುಕ್ತಾಯದ ಪೆಟ್ಟಿಗೆ ಮತ್ತೆ ಸಾಲು. ಅದೇ ಫಿಲ್ಟರ್‌ಗೆ ಎರಡು ಕಡೆ ಕೀಫ್ರೇಮ್ ಇಟ್ಟರೆ, ಅಂದರೆ ಆ ಗಳಿಗೆಯ ಗಾತ್ರ, ಸ್ಥಾನವನ್ನು ಗುರುತು ಹಾಕಿದರೆ, ನಡುವಿನ ಚಲನೆಯನ್ನು ಅದೇ ತುಂಬಿಕೊಡುತ್ತದೆ. ಕೀಫ್ರೇಮ್ ಫಲಕ ಕೈಗೆ ಒಗ್ಗಲು ನನಗೆ ತಿಂಗಳು ಹಿಡಿಯಿತು. ಮೂರು ಕ್ಲಿಪ್‌ಗಳಿಗೂ ಬೇರೆಬೇರೆಯಾಗಿ ಇಡಬೇಕು, ಒಂದನ್ನು ಮರೆತರೆ ಭಾಗವತರ ಮುಖದ ಮೇಲೆ ಎಡಗೈ ಬಂದು ಕೂರುತ್ತದೆ. ಬಂದು ಕೂತಿದೆ ಕೂಡ. ಭಾಗವತರು ಏನೂ ಅನ್ನಲಿಲ್ಲ, ಶಿಷ್ಯರು ನಕ್ಕರು.

ಹೊಸದಾಗಿ ಹಾಕಿಕೊಳ್ಳುವವರು ಗಮನಿಸಬೇಕಾದದ್ದು: ಕ್ಲಿಪ್‌ಗಳನ್ನೆಲ್ಲ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಂಡು ಆಮೇಲೆ ಪ್ರಾಜೆಕ್ಟ್ ತೆರೆಯಿರಿ, ಮಧ್ಯದಲ್ಲಿ ಜಾಗ ಬದಲಿಸಿದರೆ ಅದು ಹುಡುಕಿಕೊಂಡು ಕೂರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಲ್ಯಾಪ್‌ಟಾಪ್‌ನ ಬ್ಯಾಟರಿಯೂ ಮುಪ್ಪಾಗಿದೆ. ಪ್ರಾಜೆಕ್ಟ್ ತಾನಾಗಿ ಉಳಿದಿರುತ್ತದೆ, ಮತ್ತೆ ತೆರೆದಾಗ ಹಿಂದಿನದನ್ನು ತರಲೇ ಎಂದು ಕೇಳುತ್ತದೆ. ಎಕ್ಸ್‌ಪೋರ್ಟ್ (ಕೊನೆಯ ವಿಡಿಯೊ ತೆಗೆಯುವ ಕೆಲಸ) ಅರ್ಧಕ್ಕೆ ನಿಂತಿದ್ದರೆ ಮಾತ್ರ ಮೊದಲಿನಿಂದಲೇ. ಆದ್ದರಿಂದ ರಾತ್ರಿ ಊಟಕ್ಕೆ ಏಳುವ ಮುನ್ನ ಆಕಾಶ ನೋಡಿಯೇ ಆ ಗುಂಡಿ ಒತ್ತುತ್ತೇನೆ.