ರೇಡಿಯೇಟರಿನ ಹಸಿರು ನೀರು ನಾಯಿಗೆ ವಿಷ, ದಯವಿಟ್ಟು ಓದಿ

ಟ್ರ್ಯಾಕ್ಟರ್, ಪಂಪ್‌ಸೆಟ್, ಹಳೇ ಜೀಪು ಏನೇ ಇರಲಿ, ರಿಪೇರಿ ಮಾಡುವ ಜಾಗದಲ್ಲಿ ನಾಯಿ ಓಡಾಡಿಕೊಂಡಿರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕುವ ಈ ಕೂಲಂಟ್ ನೆಕ್ಕಿದ ನಾಯಿ ಮರುದಿನ ಎದ್ದು ಓಡಾಡಿದರೆ ಹುಷಾರಾಯಿತು ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡೇ ನಮ್ಮ ಹಂಡ್ಯಾನನ್ನು ಕಳೆದುಕೊಂಡೆ.

ನಮ್ಮದು ಧಾರವಾಡದ ಹತ್ತಿರ ನರೇಂದ್ರದ ಕಡೆ ಸಣ್ಣ ಮಾವಿನ ತೋಟ. ಅಪ್ಪ ತಂದಿದ್ದ ಎಚ್‌ಎಂಟಿ 2511 ಟ್ರ್ಯಾಕ್ಟರ್ ತಗಡಿನ ಶೆಡ್ಡಿನಲ್ಲಿ ಹದಿನೈದು ವರ್ಷ ನಿಂತೇ ಇತ್ತು. 25 ಎಚ್‌ಪಿಯ ಗಾಡಿ, ಝೆಟರ್ ಕಂಪನಿಯ ಮಾದರಿ. ಮಾವಿನ ಗಿಡಗಳ ಸಾಲಿನಲ್ಲಿ ತಿರುಗಿಸಲು ಇದಕ್ಕಿಂತ ಚೆಂದದ್ದನ್ನು ನಾನು ಕಂಡಿಲ್ಲ. 2016ರಲ್ಲಿ ಎಚ್‌ಎಂಟಿಯ ಟ್ರ್ಯಾಕ್ಟರ್ ಘಟಕವನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಆಮೇಲೆ ಸಾಮಾನು ಬೇಕೆಂದರೆ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೇ ಅಲೆಯಬೇಕು. ಎರಡು ವರ್ಷದ ಭಾನುವಾರಗಳು ಗಾಡಿಯ ರಿಪೇರಿಗೇ ಹೋದವು. ನಾನು ಎಂಜಿನ್ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿದ್ದರೆ ಹಂಡ್ಯಾ ಹೊರಗೆ ಚಾಚಿದ್ದ ನನ್ನ ಕಾಲಿನ ಮೇಲೆ ಗದ್ದ ಊರಿ ಮಲಗಿರುತ್ತಿದ್ದ. ಎಷ್ಟು ಹೊತ್ತಾದರೂ ಏಳುತ್ತಿರಲಿಲ್ಲ.

ನಮ್ಮ ಕಡೆ ಹಳೇ ಟ್ರ್ಯಾಕ್ಟರಿಗೆ ಬೋರಿನ ನೀರು ಹಾಕುವುದೇ ರೂಢಿ. ರೇಡಿಯೇಟರಿನಿಂದ ಇಳಿಸಿದ ನೀರನ್ನು ನಾಯಿ, ಕೋಳಿ ಕುಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಈ ರೂಢಿಯೇ ನನ್ನನ್ನು ಕೆಡಿಸಿತು. ರೇಡಿಯೇಟರ್ ಬಿಚ್ಚಿದಾಗ ಒಳಗೆಲ್ಲ ಸುಣ್ಣ, ಜಂಗು. ತೊಳೆಸಿ ಕೂಡಿಸಿದ ಮೇಲೆ ಅಂಗಡಿಯವರು ಕೂಲಂಟ್ ಕೊಟ್ಟು, “ಇದ ಹಾಕ್ರಿ, ಇನ್ನ ಜಂಗ್ ಹತ್ತಂಗಿಲ್ಲ” ಅಂದರು. ವಿಷದ ಮಾತೇ ಬರಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ ತಿಂಗಳು. ಕೆಳಗಿನ ಹೋಸ್ ಪೈಪಿನ ಕ್ಲಿಪ್ಪಿನ ಹತ್ತಿರ ಸೋರುತ್ತಿತ್ತು ಎಂದು ಸಂಜೆ ಕೂಲಂಟನ್ನೆಲ್ಲ ಕಬ್ಬಿಣದ ಪುಟ್ಟಿಗೆ ಇಳಿಸಿದೆ. ಹಸಿರು ಬಣ್ಣ, ಮೇಲೆ ತೆಳ್ಳಗೆ ಎಣ್ಣೆಯ ಪದರ. ಹೊಸ ಹೋಸ್ ತರಲು ಧಾರವಾಡಕ್ಕೆ ಹೋಗಿ ಬಂದೆ. ಅಷ್ಟರಲ್ಲಿ ಹಂಡ್ಯಾ ಕುಡಿದಿದ್ದ. ಅದು ನಾಲಿಗೆಗೆ ಸಿಹಿ ಎಂಬುದು ಆಮೇಲೆ ತಿಳಿಯಿತು.

ಎಂಟು ಗಂಟೆಗೆ ನೋಡಿದರೆ ಹಿಂಗಾಲು ಎಡವುತ್ತಿದ್ದ, ಕುಡುಕರ ಹಾಗೆ ಜೋಲಿ ಹೊಡೆಯುತ್ತಿದ್ದ. ಒಂದು ಸಲ ವಾಂತಿ. ನೀರು ಕುಡಿದೇ ಕುಡಿದ, ಮತ್ತೆ ಮತ್ತೆ ಉಚ್ಚೆ ಹೊಯ್ದ. ಅವ್ವ, “ಬಿಸಲ ಬಡದೈತಿ ತಮ್ಮಾ, ಮಜ್ಜಿಗಿ ಕುಡಸು” ಅಂದಳು. ಕುಡಿಸಿದೆ. ಬೆಳಿಗ್ಗೆ ಅರ್ಧ ರೊಟ್ಟಿ ತಿಂದು ಗೇಟಿನವರೆಗೆ ನನ್ನ ಹಿಂದೆ ಬಂದ. ಎಷ್ಟು ಖುಷಿಯಾಯಿತು ಅಂದರೆ, ಪುಟ್ಟಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಯೋಚನೆಯೂ ಬರಲಿಲ್ಲ.

ಮೂರನೇ ದಿನ ತಲೆ ಎತ್ತಲಿಲ್ಲ. ಬಾಯಿ ವಾಸನೆ, ಉಚ್ಚೆ ಪೂರ್ತಿ ನಿಂತಿತ್ತು. ಡಾಕ್ಟರು ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿದವರೇ, “ಏನರ ನೆಕ್ಕ್ಯಾನೇನ್ರಿ? ಗಾಡಿ ಕೆಲಸ ಮಾಡ್ತೀರೇನು?” ಎಂದು ಕೇಳಿದರು. ಆಗ ನನಗೆ ಆ ಪುಟ್ಟಿ ನೆನಪಾಯಿತು. ನಾಲ್ಕನೇ ದಿನ ಬೆಳಗಿನ ಜಾವ ಹೋಗಿಬಿಟ್ಟ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಬಹಳಷ್ಟು ಕೂಲಂಟಿನಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ಅದನ್ನು ಯಕೃತ್ತು ಒಡೆದಾಗ ಕೊನೆಗೆ ಆಕ್ಸಾಲಿಕ್ ಆಮ್ಲ ಆಗುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಕಿಡ್ನಿಯಲ್ಲಿ ಕೂರುತ್ತದೆ. ಮೊದಲ 12 ಗಂಟೆ ಅಮಲು, ಆಮೇಲೆ ಸುಧಾರಿಸಿದ ಹಾಗೆ ಕಾಣುವ ಹೊತ್ತು, 36ರಿಂದ 72 ಗಂಟೆಯೊಳಗೆ ಕಿಡ್ನಿ ನಿಲ್ಲುವುದು. ನೀರು ಬೆರೆಸದ್ದಾದರೆ ಒಂದು ಕೆಜಿ ತೂಕಕ್ಕೆ 4ರಿಂದ 6 ಮಿಲೀ ಸಾಕು ನಾಯಿಯ ಜೀವಕ್ಕೆ. 22 ಕೆಜಿ ಇದ್ದ ಹಂಡ್ಯಾನಿಗೆ ಅದು ಒಂದು ಚಹಾ ಕಪ್ಪು. ಬೆಕ್ಕಿಗೆ ಇನ್ನೂ ಕಡಿಮೆ ಸಾಕಂತೆ.

ಔಷಧ ಇಲ್ಲವೆಂದಲ್ಲ. ಫೋಮೆಪಿಜೋಲ್ ಎಂಬುದಿದೆ, ಅದು ಸಿಗದಿದ್ದರೆ ಡಾಕ್ಟರು ಲೆಕ್ಕ ಹಾಕಿ ಎಥೆನಾಲನ್ನು ನರಕ್ಕೆ ಕೊಡುತ್ತಾರೆ. ಆದರೆ ಯಕೃತ್ತು ವಿಷವನ್ನು ಒಡೆಯುವ ಮೊದಲೇ, ಅಂದರೆ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಮಾತ್ರ ಉಪಯೋಗ. ಹಾಗಾಗಿ ನಾಯಿ ನೆಕ್ಕಿದ್ದು ಕಂಡರೆ, ಅನುಮಾನ ಬಂದರೂ ಸರಿ, ಜೋಲಿ ಹೊಡೆಯುವವರೆಗೆ ಕಾಯಬೇಡಿ. ಕೂಲಂಟಿನ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಹೋಗಿ, ಎಷ್ಟು ಗಂಟೆಗೆ ಕುಡಿದಿದೆ ಎಂದು ಮೊದಲು ಹೇಳಿ. ಮನೆಯಲ್ಲೇ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು, ಸಾರಾಯಿ ಹೊಯ್ಯುವುದು ಬೇಡವೇ ಬೇಡ.

ಕೂಲಂಟನ್ನು ಬಾಯಿ ತೆರೆದ ಪುಟ್ಟಿ, ಬೋಗುಣಿಗೆ ಇಳಿಸಬೇಡಿ. ಮುಚ್ಚಳ ತಿರುಗಿಸುವ ಕ್ಯಾನಿಗೆ ಇಳಿಸಿ. ನೆಲಕ್ಕೆ ಚೆಲ್ಲಿದ್ದರೆ ಮರಳು ಹಾಕಿ ಹೀರಿಸಿ ತೆಗೆದು, ಆಮೇಲೆ ನೀರು ಬಿಟ್ಟು ತೊಳೆಯಿರಿ. ಆ ತೊಳೆದ ನೀರೂ ಗುಂಡಿಯಲ್ಲಿ ನಿಲ್ಲಬಾರದು. ಪ್ರೊಪಿಲೀನ್ ಗ್ಲೈಕಾಲಿನ ಕೂಲಂಟ್ ಸಿಕ್ಕರೆ ಅದನ್ನೇ ಕೊಳ್ಳಿ. ಅದನ್ನೂ ಕುಡಿಯಲು ಬಿಡುವಂತಿಲ್ಲ, ಆದರೆ ಇಷ್ಟು ಘೋರವಲ್ಲ.

ಕಾರ ಹುಣ್ಣಿವೆಗೆ ಟ್ರ್ಯಾಕ್ಟರ್ ಚಾಲೂ ಆಯಿತು. ಇನ್ನೊಂದು ನಾಯಿ ಲಚ್ಚಿಯನ್ನು ಶೆಡ್ಡಿನೊಳಗೆ ಬಿಡುತ್ತಿಲ್ಲ. ಉಳಿದ ಅರ್ಧ ಡಬ್ಬಿ ಕಪಾಟಿನ ಮೇಲಿದೆ. ಅದರ ಮೇಲಿನ ಎಚ್ಚರಿಕೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ, ಬರುತ್ತಿದ್ದ ನಾನು ಓದಿರಲಿಲ್ಲ. ಈಗ ಅದರ ಮೇಲೆ ದಪ್ಪಗೆ ಕನ್ನಡದಲ್ಲಿ ‘ವಿಷ’ ಎಂದು ಬರೆದಿದ್ದೇನೆ.