ರಾತ್ರಿ ಹೊತ್ತಲ್ಲೂ ಕೈಕೊಡದ ಪಿ.ಜೆ. ಬಡಾವಣೆಯ ಲ್ಯಾಬ್

ಅಪ್ಪನಿಗೆ ಶುಗರ್ ಇದೆ. ಕಾಲಿನ ಗಾಯ ಕೀವು ಕಟ್ಟಿ, ಚಳಿಜ್ವರ ಬಂದು, ರಾತ್ರಿ ಏನೇನೋ ಬಡಬಡಿಸತೊಡಗಿದರು. ದಾವಣಗೆರೆಯಲ್ಲೇ ಅಡ್ಮಿಟ್ ಮಾಡಿದೆವು. ಡಾಕ್ಟರು ಸೆಪ್ಸಿಸ್ (ಸೋಂಕಿಗೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸಿ ಅಂಗಾಂಗಗಳಿಗೇ ಹಾನಿಯಾಗುವ ಸ್ಥಿತಿ) ಇರಬಹುದು ಎಂದು ಮೂರು ರಕ್ತ ಪರೀಕ್ಷೆ ಬರೆದರು: ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಏರುವ ಪ್ರೊಕ್ಯಾಲ್ಸಿಟೋನಿನ್, ದೇಹದ ಭಾಗಗಳಿಗೆ ಆಮ್ಲಜನಕ ಸಾಲದಾದಾಗ ಏರುವ ಲ್ಯಾಕ್ಟೇಟ್, ಮತ್ತು ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್.

ಲ್ಯಾಬಿನ ಹುಡುಗಿ ವಾರ್ಡಿಗೇ ಬಂದರು. ಕಲ್ಚರ್‌ಗೆ ಎರಡೂ ಕೈಯಿಂದ ರಕ್ತ ತೆಗೆದರು. ಬಾಟಲಿಯ ಮುಚ್ಚಳವನ್ನೂ ಸ್ಪಿರಿಟ್ ಹಚ್ಚಿ ಒರೆಸಿದರು. ಲ್ಯಾಕ್ಟೇಟ್ ಸ್ಯಾಂಪಲ್ ಐಸ್ ಮೇಲಿಟ್ಟು ಓಡಿದರು. ತಡವಾದರೆ ಟ್ಯೂಬಿನಲ್ಲೇ ಅಂಕಿ ಏರಿಬಿಡುತ್ತದೆ, ನಂಬೋಕೆ ಆಗಲ್ಲ ಅಂದರು. ಆ ಕಾಳಜಿ ನನಗೆ ತುಂಬಾ ಹಿಡಿಸಿತು.

ಪ್ರೊಕ್ಯಾಲ್ಸಿಟೋನಿನ್ ರಿಪೋರ್ಟ್ ಗಂಟೆಯೊಳಗೆ ಬಂತು. 2 ದಾಟಿದರೆ ಅಪಾಯ ಜಾಸ್ತಿ, ಅಪ್ಪನದು 9ರ ಹತ್ತಿರ. ಲ್ಯಾಬಿನವರು ವಾಟ್ಸಾಪ್ ಮಾಡಿ ಸುಮ್ಮನಾಗಲಿಲ್ಲ, ನೇರ ಡಾಕ್ಟರಿಗೇ ಫೋನ್ ಮಾಡಿದರು. ಆ್ಯಂಟಿಬಯೋಟಿಕ್ ಮಾತ್ರ ರಿಪೋರ್ಟಿಗೆ ಕಾಯದೆ, ರಕ್ತ ತೆಗೆದ ಕೂಡಲೇ ಶುರುವಾಗಿತ್ತು. ಅದೇ ಸರಿ. ಯಾವ ಬ್ಯಾಕ್ಟೀರಿಯಾ ಎಂದು ಹೇಳುವ ಕಲ್ಚರ್‌ಗೆ ಎರಡು ಮೂರು ದಿನ ಬೇಕು, ಅಲ್ಲಿವರೆಗೆ ಕಾಯೋಕಾಗುತ್ತಾ? ಅಪ್ಪ ಈಗ ಹುಷಾರಾಗಿದ್ದಾರೆ.

ಒಂದೇ ಬೇಸರ. ಪ್ರೊಕ್ಯಾಲ್ಸಿಟೋನಿನ್ ದುಬಾರಿ ಟೆಸ್ಟು, ರೇಟ್ ಮೊದಲೇ ಹೇಳಲಿಲ್ಲ. ಕೌಂಟರ್ ಹತ್ತಿರ ಒಂದು ಬೋರ್ಡ್ ಹಾಕಿ, ದಯವಿಟ್ಟು.